ಹೆರದೇ ಇದ್ರೂ ಎದೆಹಾಲು ಬರುತ್ತಾ? ದತ್ತು ತಾಯಂದಿರು ಇದಕ್ಕೆ ಯಾಕೆ ಕೈ ಹಾಕ್ತಾರೆ, ಹೆಂಗೆ ಮಾಡ್ತಾರೆ

ಮಂಡ್ಯದಲ್ಲಿರೋ ನಮ್ಮ ದೊಡ್ಡಮ್ಮನ ಮನೇಲಿ ತೊಟ್ಲು ಶಾಸ್ತ್ರ ಇತ್ತು. ದೊಡ್ಡಮ್ಮನ ಮಗಳು, ಅಂದ್ರೆ ನಂಗೆ ಅಕ್ಕ, ಇರೋದು ಮೈಸೂರಲ್ಲಿ, ಮದ್ವೆ ಆಗಿ ಹನ್ನೊಂದು ವರ್ಷ ಆದ್ಮೇಲೆ ನಾಲ್ಕು ತಿಂಗಳ ಹೆಣ್ಣುಮಗೂನ ದತ್ತು ತಗೊಂಡಿದ್ಲು. ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಮಗು ಅಳೋಕೆ ಶುರು ಮಾಡ್ತು, ಅಕ್ಕ ರೂಮಿಗೆ ಎತ್ಕೊಂಡು ಹೋಗಿ ಬಾಗ್ಲು ಮುಂದಕ್ಕೆ ಹಾಕೊಂಡ್ಲು. ಬಾಟ್ಲಿ ಕೊಡಣ ಅಂತ ಹಿಂದೇನೇ ಹೋದ ಚಿಕ್ಕಮ್ಮ ಒಂದೇ ನಿಮಿಷಕ್ಕೆ ಈಚೆ ಬಂದು ಅಡುಗೆಮನೇಲಿ ಪಿಸುಗುಟ್ಟಿದ್ದು: "ಅಲ್ಲ ಕಣಕ್ಕ, ಅವ್ಳು ಎದೆಗೇ ಹಾಕ್ಕೊಂಡವ್ಳೆ. ಹೆರದೇನೇ ಹಾಲು ಹೆಂಗ್ ಬತ್ತದೆ?"

ಒಬ್ರು ದೇವ್ರು ಕೊಟ್ಟಿದ್ದು ಅಂದ್ರು. ಇನ್ನೊಬ್ರು "ಹಸೂಗೆ ಚುಚ್ಚಲ್ವಾ, ಹಂಗೇ ಯಾವ್ದೋ ಇಂಜೆಕ್ಷನ್ನು" ಅಂದ್ರು. ಬರೀ ಹಾಲಿಲ್ಲದ ಎದೆ ಕೊಟ್ಟು ಮಗೂನ ಯಾಮಾರಿಸ್ತವ್ಳೆ ಅಂದೋರೂ ಇದ್ರು. ಇಷ್ಟು ಜನ ಹೆತ್ತು ಸಾಕಿದ ಹೆಂಗಸರು ಸೇರಿರೋ ಅಡುಗೆಮನೇಲಿ ಹಾಲು ಹೇಗೆ ಬರುತ್ತೆ ಅನ್ನೋದು ಯಾರಿಗೂ ಸರಿಯಾಗಿ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಆಮೇಲೆ ಓದ್ಕೊಂಡೆ, ಅಕ್ಕನ ಹತ್ರ ಕೂತು ಕೇಳ್ದೆ. ಹೆಸ್ರು ಹಾಕ್ಬೇಡ, ಮಿಕ್ಕಿದ್ದೆಲ್ಲ ಬರಿ ಅಂದ್ಲು.

ಮೊದ್ಲು ಮಾಮೂಲಿ ಬಾಣಂತಿಗೆ ಹಾಲು ಹೇಗೆ ಬರುತ್ತೆ

ಮಂಡ್ಯದೋರಿಗೆ ನಾಲೆ ಲೆಕ್ಕದಲ್ಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ. ಎದೆ ಒಳಗೆ ಹಾಲು ತಯಾರಾಗೋ ಸಣ್ಣ ಸಣ್ಣ ಚೀಲಗಳು ಇರ್ತವೆ, ದ್ರಾಕ್ಷಿ ಗೊಂಚಲು ಇದ್ದಂಗೆ, ಅಲ್ಲಿಂದ ಮೊಲೆತೊಟ್ಟಿನವರೆಗೆ ಹಾಲು ಹರಿಯೋಕೆ ನಾಲೆಗಳು. ಹೆಣ್ಣುಮಕ್ಳು ದೊಡ್ಡೋರಾಗೋವಾಗ್ಲೇ ಇದರ ಅಡಿಪಾಯ ಬಿದ್ದಿರುತ್ತೆ. ಬಸುರಿ ಆದಾಗ ದೇಹದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ಏರುತ್ತಲ್ಲ, ಅವು ಬಂದು ನಾಲೆಗಳನ್ನ ಉದ್ದ ಮಾಡಿ ಕವಲು ಒಡಿಸಿ ಚೀಲಗಳನ್ನ ಬೆಳೆಸ್ತವೆ. ಹಾರ್ಮೋನು ಅಂದ್ರೆ ರಕ್ತದಲ್ಲಿ ಓಡಾಡೋ ಚೀಟಿ ಅಂದ್ಕೊಳಿ, ಒಂದು ಅಂಗ ಬರೆದು ಇನ್ನೊಂದು ಅಂಗಕ್ಕೆ ಕಳ್ಸೋದು.

ಹಾಲು ಮಾಡು ಅಂತ ಹೇಳೋ ಚೀಟಿ ಹೆಸ್ರು ಪ್ರೊಲ್ಯಾಕ್ಟಿನ್. ಇದು ಬರೋದು ಮೆದುಳಿನ ಕೆಳಗೆ ಕಡ್ಲೆಕಾಳಿನಷ್ಟಿರೋ ಪಿಟ್ಯುಟರಿ ಗ್ರಂಥಿಯಿಂದ. ಬಸುರಿ ಇದ್ದಾಗ್ಲೇ ಪ್ರೊಲ್ಯಾಕ್ಟಿನ್ ಬೇಕಾದಷ್ಟು ಇರುತ್ತೆ, ಆದ್ರೂ ಹಾಲು ಸುರಿಯಲ್ಲ, ಯಾಕಂದ್ರೆ ಪ್ರೊಜೆಸ್ಟೆರಾನ್ ಅದನ್ನ ಅದುಮಿ ಇಟ್ಟಿರುತ್ತೆ. ಮಗು ಹುಟ್ಟಿ ಮಾಸು ಬಿತ್ತು ಅಂದ್ರೆ, ಊರಲ್ಲಿ ಕಸ ಬಿತ್ತು ಅಂತಾರಲ್ಲ ಅದೇ, ಆ ಪ್ರೊಜೆಸ್ಟೆರಾನ್ ಧಡಕ್ಕಂತ ಇಳಿಯುತ್ತೆ. ಮೊದ್ಲೆರಡು ದಿನ ಗಿಣ್ಣು ಹಾಲು, ಆಮೇಲೆ ಎದೆ ಬಿಗಿದು ಹಾಲು ಇಳಿಯೋದು ಇದ್ರಿಂದಾನೇ.

ಇಲ್ಲಿವರೆಗೆ ಹೆರಿಗೆ ಪಾತ್ರ ದೊಡ್ಡದು. ಆದ್ರೆ ಇಲ್ಲಿಂದ ಮುಂದಕ್ಕೆ ಹಾಲು ನಡೆಯೋದು ಮಗು ಬಾಯಿಂದ. ಮಗು ಚೀಪಿದಾಗೆಲ್ಲ ಪ್ರೊಲ್ಯಾಕ್ಟಿನ್ ಏರುತ್ತೆ. ಎದೆ ಖಾಲಿ ಆದ್ರೆ ಇನ್ನಷ್ಟು ತುಂಬುತ್ತೆ, ತುಂಬಿದ್ದನ್ನ ಯಾರೂ ತೆಗೀಲಿಲ್ಲ ಅಂದ್ರೆ ಸಾಕು ಅಂತ ದೇಹ ಕಡಿಮೆ ಮಾಡ್ಬಿಡುತ್ತೆ. ಹೆತ್ತ ತಾಯೀನೇ ಒಂದೆರಡು ವಾರ ಕುಡಿಸ್ದೇ ಬಿಟ್ರೂ ಬತ್ತಿಹೋಗೋದು ಇದಕ್ಕೇ.

ಕರು ಬಿಟ್ರೆ ಸೊರ ಬಿಡೋ ಹಸು

ತಯಾರಾಗೋದು ಒಂದು, ಹೊರಗೆ ಬರೋದು ಇನ್ನೊಂದು. ಹಸು ಸಾಕಿದೋರಿಗೆ ಗೊತ್ತು, ಸುಮ್ನೆ ಹೋಗಿ ಕೆಚ್ಚಲಿಗೆ ಕೈ ಹಾಕಿದ್ರೆ ಹಾಲು ಬಿಡಲ್ಲ. ಕರು ಬಿಡ್ಬೇಕು, ಅದು ಎರಡು ಸಲ ಗುಮ್ಮಿ ಚೀಪ್ಬೇಕು, ಆಗ ಸೊರ ಬಿಡುತ್ತೆ. ಅದನ್ನ ಮಾಡ್ಸೋದು ಆಕ್ಸಿಟೋಸಿನ್ ಅನ್ನೋ ಇನ್ನೊಂದು ಹಾರ್ಮೋನು, ಹಾಲಿನ ಚೀಲಗಳ ಸುತ್ತ ಇರೋ ಸ್ನಾಯುವನ್ನ ಹಿಂಡಿಸುತ್ತೆ. ಕೆಲವರು ಕಳ್ಳತನದಲ್ಲಿ ಹಸೂಗೆ ಚುಚ್ಚೋದೂ ಇದನ್ನೇ. ಅಡುಗೆಮನೇಲಿ ಇಂಜೆಕ್ಷನ್ ಅಂದೋರು ಪೂರ್ತಿ ದಾರಿ ತಪ್ಪಿರ್ಲಿಲ್ಲ ಅನ್ನಿ, ಆದ್ರೆ ಅದು ಇರೋ ಹಾಲನ್ನ ಇಳಿಸುತ್ತೆ, ಇಲ್ಲದ ಹಾಲನ್ನ ಹುಟ್ಸಲ್ಲ.

ಹಿಂದೆ ಕರು ಸತ್ತೋದ್ರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸು ಮುಂದೆ ನಿಲ್ಲಿಸ್ತಿದ್ರು. ಹಸು ಮೂಸಿ ನೆಕ್ಕಿ ಸೊರ ಬಿಡ್ತಿತ್ತು. ಸ್ಪರ್ಶ, ವಾಸನೆ, ಕಣ್ಣಿಗೆ ಕಾಣೋದು, ಇಷ್ಟಕ್ಕೂ ಮೆದುಳು ಓಗೊಡುತ್ತೆ. ಹೆಂಗಸರಲ್ಲೂ ಹಂಗೇ, ಮಗು ಅಳೋ ಸದ್ದು ಕೇಳಿದ್ರೇ ರವಿಕೆ ಒದ್ದೆ ಆಗುತ್ತೆ. ಗಾಬರಿ, ನೋವು, ನಾಚಿಕೆ ಇದ್ರೆ ಅದೇ ಹಾಲು ಒಳಗೇ ಕೂತುಬಿಡುತ್ತೆ.

ಈಗ ಅಕ್ಕನ ವಿಷ್ಯಕ್ಕೆ ಬರೋಣ. ಪಿಟ್ಯುಟರಿ ಅವಳಿಗೂ ಇದೆ, ಹಾಲಿನ ಚೀಲ ನಾಲೆ ಅವಳಿಗೂ ಇದೆ, ಬೆಳೆದಿಲ್ಲ ಅಷ್ಟೇ. ಗರ್ಭಕೋಶ, ಅಂಡಾಶಯಕ್ಕೂ ಪ್ರೊಲ್ಯಾಕ್ಟಿನ್ ಬರೋದಕ್ಕೂ ನೇರ ಸಂಬಂಧ ಇಲ್ಲ. ಹಂಗಾಗಿ ಬಂಜೆ ಅನ್ನಿಸ್ಕೊಂಡೋಳಿಗೂ ಹಾಲು ಬರಬಹುದು.

ಹೆರದೇ ಹಾಲು ತರಿಸೋಕೆ ಏನು ಮಾಡ್ತಾರೆ

ಎರಡು ದಾರಿ ಇದೆ, ಬಹಳ ಜನ ಎರಡನ್ನೂ ಬೆರೆಸ್ತಾರೆ. ಹಿಂದೆ ಹೆತ್ತು ಹಾಲುಣಿಸಿ ನಿಲ್ಲಿಸಿದ್ದೋರು ಮತ್ತೆ ಶುರು ಮಾಡೋದು ಇದೇ ಜಾತಿಯ ಇನ್ನೊಂದು ಕೆಲ್ಸ, ಅದು ಸ್ವಲ್ಪ ಸುಲಭ, ನಾಲೆ ಒಂದ್ಸಲ ತೋಡಿರುತ್ತಲ್ಲ. ಅದರ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಒಂದು ಕೈಪಿಡಿ ತಂದಿತ್ತು, ಹೆರದೇ ಇರೋರ ವಿಷ್ಯಾನೂ ಅದ್ರಲ್ಲಿದೆ.

ಮೊದಲನೇ ದಾರಿ ಬರೀ ಚೀಪಿಸೋದು. ಮಗು ಸಿಕ್ಕಿದ್ರೆ ಮಗು ಕೈಲೇ, ಇಲ್ಲಾಂದ್ರೆ ಬ್ರೆಸ್ಟ್ ಪಂಪ್ ಇಟ್ಟು, ದಿನಕ್ಕೆ ಎಂಟರಿಂದ ಹನ್ನೆರಡು ಸಲ, ಒಂದೊಂದ್ಸಲ ಹದಿನೈದು ಇಪ್ಪತ್ತು ನಿಮಿಷ, ರಾತ್ರಿನೂ ಬಿಡಂಗಿಲ್ಲ, ಯಾಕಂದ್ರೆ ಪ್ರೊಲ್ಯಾಕ್ಟಿನ್ ರಾತ್ರಿ ಹೊತ್ತೇ ಜಾಸ್ತಿ. ದೇಹಕ್ಕೆ ಬೇಡಿಕೆ ಅರ್ಜಿ ಹಾಕ್ತಾನೇ ಇರೋದು ಅಂತ ಇಟ್ಕೊಳಿ, ಕೊನೆಗೆ ಒಂದಿನ ಮಂಜೂರಾಗುತ್ತೆ. ಕೆಲವರಿಗೆ ವಾರದೊಳಗೆ ಹನಿ ಕಾಣುತ್ತೆ, ಕೆಲವರಿಗೆ ತಿಂಗಳ ಮೇಲಾಗುತ್ತೆ.

ಅಕ್ಕ ಬಾಡಿಗೆಗೆ ಪಂಪ್ ತಗೊಂಡಿದ್ಲು. ಫೋನಲ್ಲಿ ಎಂಟು ಅಲಾರಂ. ರಾತ್ರಿ ಎರಡೂವರೆದಕ್ಕೆ ಎದ್ದು ನಡುಮನೇಲಿ ಲೈಟ್ ಹಾಕ್ದೇ ಕೂತ್ಕೊಳ್ಳೋಳು, ಪಂಪಿನ ಸದ್ದು ಕೇಳಿ ಕೆಳಗಿನ ಮನೆಯೋರು ಇಷ್ಟೊತ್ತಲ್ಲಿ ನೀರಿನ ಮೋಟ್ರು ಹಾಕಿದೀರಾ ಅಂತ ಕೇಳಿದ್ರಂತೆ. ಇಪ್ಪತ್ನಾಲ್ಕು ದಿನ ಒಣ ಪಂಪು. ಇಪ್ಪತ್ತೈದನೇ ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕಪ್ಪಿನ ಒಳಗೆ ಬೆವರಿನ ಹನಿ ಥರ ಒಂದು ಅಂಟ್ಕೊಂಡಿತ್ತು, ನೀರಿರ್ಬೇಕು ಅಂತ ಬೆರಳಿಗೆ ಒತ್ತಿ ನಾಲಿಗೆಗೆ ಇಟ್ಕೊಂಡ್ರೆ ಸಿಹಿ. ಭಾವನ್ನ ಎಬ್ಬಿಸಿದ್ಲು. ಅವ್ರು ಕನ್ನಡಕ ಹುಡುಕೋ ಅಷ್ಟರಲ್ಲಿ ಆ ಹನಿ ಒರೆಸಿಹೋಗಿತ್ತು.

ಎರಡನೇ ದಾರಿ ದೇಹವನ್ನ ಬಸುರಿ ಅಂತ ನಂಬ್ಸೋದು. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಎರಡೂ ಇರೋ ಮಾತ್ರೆ, ಅಂದ್ರೆ ಗರ್ಭನಿರೋಧಕ ಮಾತ್ರೆ ಜಾತಿಯದು, ನಡುವೆ ಗ್ಯಾಪ್ ಕೊಡ್ದೇ ತಿಂಗಳುಗಟ್ಟಲೆ ಕೊಡ್ತಾರೆ. ನಾಲೆ ತೋಡೋ ಕೆಲ್ಸ ನಡೆಯುತ್ತೆ. ಆಮೇಲೆ ಮಗು ಬರೋಕೆ ಆರು ವಾರ ಇದೆ ಅನ್ನುವಾಗ ಮಾತ್ರೆ ನಿಲ್ಲಿಸ್ತಾರೆ, ಪ್ರೊಜೆಸ್ಟೆರಾನ್ ಇಳಿಯುತ್ತೆ, ಮಾಸು ಬಿದ್ದಂಗೆ ದೇಹಕ್ಕೆ ಅನ್ನಿಸುತ್ತೆ, ಆಗ ಪಂಪ್ ಶುರು. ಈ ಕ್ರಮವನ್ನ ಹೆಚ್ಚು ಬಳಕೆಗೆ ತಂದೋರು ಕೆನಡಾದ ಡಾಕ್ಟ್ರು ಜ್ಯಾಕ್ ನ್ಯೂಮನ್ ಮತ್ತು ಲೆನೋರ್ ಗೋಲ್ಡ್‌ಫಾರ್ಬ್. ಲೆನೋರ್ ಬಾಡಿಗೆ ತಾಯಿ ಮೂಲಕ ಮಗು ಪಡೆದೋರು, ತಾನೇ ಹಾಲುಣಿಸ್ಬೇಕು ಅಂತ ಹೊರಟಿದ್ದಕ್ಕೇ ಇದು ಹುಟ್ಟಿದ್ದು. ರಕ್ತ ಹೆಪ್ಪುಗಟ್ಟೋ ತೊಂದ್ರೆ, ಬಿಪಿ, ಕೆಲವು ಬಗೆ ಮೈಗ್ರೇನ್ ಇರೋರಿಗೆ ಆ ಮಾತ್ರೆ ಆಗ್ಬರಲ್ಲ, ಹಂಗಾಗಿ ಇದು ಡಾಕ್ಟ್ರ ಕೈಕೆಳಗೇ ಆಗ್ಬೇಕಾದ ಕೆಲ್ಸ.

ನೀರುಗಂಟಿ ಮತ್ತು ವಾಂತಿ ಮಾತ್ರೆ

ಇಲ್ಲಿ ಇನ್ನೊಂದು ಮಾತ್ರೆ ಹೆಸ್ರು ಬರುತ್ತೆ, ಡಾಂಪೆರಿಡೋನ್. ವಾಂತಿಗೆ, ಹೊಟ್ಟೆ ಉಬ್ಬರಕ್ಕೆ ನಮ್ಮಲ್ಲಿ ಕೊಡ್ತಾರಲ್ಲ ಅದೇ. ಅದಕ್ಕೂ ಹಾಲಿಗೂ ಏನು ಸಂಬಂಧ ಅಂದ್ರೆ, ಮಾಮೂಲಿ ದಿನದಲ್ಲಿ ಡೋಪಮೈನ್ ಅನ್ನೋದು ನೀರುಗಂಟಿ ಥರ ತೂಬು ಮುಚ್ಕೊಂಡು ಕೂತಿರುತ್ತೆ, ಪಿಟ್ಯುಟರಿಯಿಂದ ಪ್ರೊಲ್ಯಾಕ್ಟಿನ್ ಜಾಸ್ತಿ ಹೊರಗೆ ಬಿಡಲ್ಲ. ಡಾಂಪೆರಿಡೋನ್ ಬಂದು ಆ ನೀರುಗಂಟೀನ ಟೀ ಕುಡಿಯೋಕೆ ಕಳಿಸ್ಬಿಡುತ್ತೆ. ಪ್ರೊಲ್ಯಾಕ್ಟಿನ್ ಏರುತ್ತೆ.

ಆದ್ರೆ ಇದು ಮೆಡಿಕಲ್ ಶಾಪಿಗೆ ಹೋಗಿ ಒಂದು ಸ್ಟ್ರಿಪ್ ಕೊಡಿ ಅಂತ ತಗೊಂಡು ನುಂಗೋ ವಿಷ್ಯ ಅಲ್ಲ. ಕೆಲವರಲ್ಲಿ ಹೃದಯ ಬಡಿತದ ತಾಳ ತಪ್ಪಿಸುತ್ತೆ, ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹಾಲು ಹೆಚ್ಚಿಸೋಕೆ ಇದನ್ನ ಬಳಸಬೇಡಿ ಅಂತ 2004ರಲ್ಲಿ ಎಚ್ಚರಿಕೆ ಕೊಡ್ತು. ಬೇರೆ ಕಡೆ ಡಾಕ್ಟ್ರುಗಳು ಇಸಿಜಿ ನೋಡಿ, ಹೃದಯದ ತೊಂದ್ರೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಲೆಕ್ಕ ಹಾಕಿ ಕೊಡ್ತಾರೆ. ಕೆಲವು ಆಂಟಿಬಯೋಟಿಕ್, ಫಂಗಸ್ ಮಾತ್ರೆ ಜೊತೆ ಸೇರಿದ್ರೆ ಅಪಾಯ ಹೆಚ್ಚು. ಜಾಸ್ತಿ ದಿನ ತಗೊಂಡು ಏಕಾಏಕಿ ನಿಲ್ಲಿಸಿದ್ರೆ ನಿದ್ದೆ ಕೆಡೋದು, ಆತಂಕ ಶುರುವಾಗೋದೂ ಇದೆ, ನಿಧಾನಕ್ಕೆ ಇಳಿಸ್ಬೇಕು. ಅಕ್ಕಂಗೆ ಇಸಿಜಿ ನೋಡಿದ ಡಾಕ್ಟ್ರು ಬೇಡ ಅಂದ್ರು, ಬರೀ ಪಂಪಲ್ಲೇ ಮಾಡಿದ್ದು.

ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಶತಾವರಿ ಎಲ್ಲಾ ಹೇಳ್ತಾರೆ. ಹಾಲು ಹೆಚ್ಚಿಸುತ್ತೆ ಅನ್ನೋಕೆ ಗಟ್ಟಿ ಪುರಾವೆ ಕಡಿಮೆ. ಊಟದಲ್ಲಿ ತಿನ್ನೋಕೆ ಅಡ್ಡಿ ಇಲ್ಲ, ಶುಗರ್ ಮಾತ್ರೆ ತಗೊಳೋರು ಮೆಂತ್ಯವನ್ನ ಔಷಧಿ ಥರ ನುಂಗೋ ಮುಂಚೆ ಕೇಳ್ಬೇಕು.

ಎಷ್ಟು ಬರುತ್ತೆ?

ಎಲ್ರೂ ಕೇಳೋ ಪ್ರಶ್ನೆ ಇದು. ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲನ್ನೇ ಕುಡಿಯೋ ಮಗು ದಿನಕ್ಕೆ ಹೆಚ್ಚೂಕಮ್ಮಿ ಮುಕ್ಕಾಲು ಲೀಟರ್ ಕುಡಿಯುತ್ತೆ. ಹೆರದೇ ಹಾಲು ತರಿಸ್ಕೊಂಡೋರಲ್ಲಿ ಬಹಳ ಜನಕ್ಕೆ ಅಷ್ಟು ಬರಲ್ಲ. ಕೆಲವರಿಗೆ ಅರ್ಧ, ಕೆಲವರಿಗೆ ಕಾಲು, ಕೆಲವರಿಗೆ ಬರೀ ಹನಿಗಳು. ಅಕ್ಕನ ಮೇಲ್ಮಟ್ಟ ಅಂದ್ರೆ ಇಡೀ ದಿನದ್ದು ಸೇರಿಸಿ ಒಂದು ಕಾಫಿ ಲೋಟ. ಕೆಆರ್‌ಎಸ್ 124.80 ಅಡಿ ಮುಟ್ಟಿದ ದಿನ ಟೀವಿಯೋರು ಹೇಳೋ ಗತ್ತಲ್ಲಿ ಭಾವ ಅದನ್ನ ಎಲ್ರಿಗೂ ಫೋನ್ ಮಾಡಿ ಹೇಳಿದ್ರು.

ಹಾಲು ಒಳ್ಳೇದಾ ಅಂದ್ರೆ ಒಳ್ಳೇದೇ, ಮಾಮೂಲಿ ಎದೆಹಾಲೇ ಅದು. ಗಿಣ್ಣಿನ ಘಟ್ಟ ಸಾಮಾನ್ಯವಾಗಿ ಇರಲ್ಲ ಅಷ್ಟೇ. ಕೊರತೆ ಬಿದ್ದಿದ್ದನ್ನ ಡಾಕ್ಟ್ರು ಹೇಳಿದ ಪುಡಿಹಾಲಿಂದ ತುಂಬಿಸಲೇಬೇಕು. ಹಠಕ್ಕೆ ಬಿದ್ದು ಪುಡಿಹಾಲು ನಿಲ್ಲಿಸಿದ್ರೆ ಮಗು ಸೊರಗುತ್ತೆ, ಇದೊಂದು ವಿಷ್ಯದಲ್ಲಿ ಮುಲಾಜೇ ಬೇಡ. ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಮಾಡಿದ್ರೆ, ತೂಕ ಏರದೇ ಹೋದ್ರೆ ಮಕ್ಕಳ ಡಾಕ್ಟ್ರ ಹತ್ರ ಓಡ್ಬೇಕು. ಪಕ್ಕದ ಮನೆ ಬಾಣಂತಿ ಹಾಲು ತಂದು ಕುಡ್ಸೋಣ ಅನ್ನೋರೂ ಇದಾರೆ. ಎಚ್‌ಐವಿ ಥರದ ಸೋಂಕು ಹಾಲಲ್ಲಿ ದಾಟುತ್ತೆ, ಅದಕ್ಕೇ ಹಾಲಿನ ಬ್ಯಾಂಕುಗಳಲ್ಲಿ ಕೊಡೋರಿಗೆ ರಕ್ತ ಪರೀಕ್ಷೆ ಮಾಡಿ, ಹಾಲನ್ನ 62.5 ಡಿಗ್ರಿಲಿ ಅರ್ಧ ಗಂಟೆ ಬಿಸಿ ಮಾಡಿ ಕೊಡೋದು.

ಎದೆ ಪಕ್ಕ ಒಂದು ಸಣ್ಣ ಪೈಪು

ಹಾಲಿಲ್ಲದ ಎದೆ ಮಗು ಯಾಕೆ ಚೀಪುತ್ತೆ? ಚೀಪಲ್ಲ. ಎರಡೆಳೆ ಎಳೆದು, ಏನೂ ಬರಲಿಲ್ಲ ಅಂದ್ರೆ ಕಿರುಚಿ ಮುಖ ತಿರುಗ್ಸುತ್ತೆ, ಅದರಲ್ಲೂ ಬಾಟ್ಲಿ ರೂಢಿ ಆಗಿರೋ ಮಗು. ಚಿಕ್ಕಮ್ಮ ರೂಮಲ್ಲಿ ಸರಿಯಾಗಿ ನೋಡಿದ್ರೆ ಕಾಣ್ತಿತ್ತು, ಅಕ್ಕನ ಭುಜದ ಮೇಲಿಂದ ನೂಲಿನಷ್ಟು ಸಣ್ಣ ಪೈಪು ಇಳಿದು, ಮೊಲೆತೊಟ್ಟಿನ ಪಕ್ಕ ಬಿಳಿ ಪ್ಲಾಸ್ಟರಲ್ಲಿ ಅಂಟಿಸಿತ್ತು, ಇನ್ನೊಂದು ತುದಿ ಪುಡಿಹಾಲಿರೋ ಸ್ಟೀಲ್ ಲೋಟದಲ್ಲಿ. ಮಗು ಬಾಯಿಗೆ ಎದೆ, ಪೈಪು ಎರಡೂ ಸೇರಿ ಹೋಗುತ್ತೆ. ಎಳೆದ್ರೆ ಲೋಟದ ಹಾಲು ಬರುತ್ತೆ, ಹೊಟ್ಟೆ ತುಂಬುತ್ತೆ, ಅದೇ ಎಳೆತಕ್ಕೆ ಅಕ್ಕನ ದೇಹಕ್ಕೆ ಇನ್ನಷ್ಟು ಮಾಡು ಅಂತ ಚೀಟಿ ಹೋಗುತ್ತೆ. ಲೋಟ ಮೇಲಕ್ಕೆ ಎತ್ತಿದ್ರೆ ಜೋರಾಗಿ ಬರುತ್ತೆ, ಕೆಳಗಿಟ್ರೆ ನಿಧಾನ. ಯಾಮಾರಿಸ್ತವ್ಳೆ ಅಂದೋರಿಗೆ ಇದೇ ಉತ್ತರ, ಮಗು ಹೊಟ್ಟೆ ನಿಜವಾಗ್ಲೂ ತುಂಬ್ತಿತ್ತು.

ಪೈಪಿಲ್ಲದೇನೂ ಮಾಡ್ತಾರೆ. ಮಗು ಎದೆಗೆ ಬಾಯಿ ಹಾಕಿದಾಗ ಮೇಲಿಂದ ಚಮಚದಲ್ಲೋ ಒಳಲೆಲ್ಲೋ ಹನಿ ಹನಿ ಇಳಿಸೋದು. ಅಜ್ಜಿ ಕಾಲದ ಬೆಳ್ಳಿ ಒಳಲೆ ಬೀರುವಲ್ಲಿ ಸುಮ್ನೆ ಬಿದ್ದಿರೋರು ನೆನಪಿಟ್ಕೊಳಿ.

ಅಕ್ಕನ ಮಗು ಇದಕ್ಕೆ ಒಪ್ಪೋಕೆ ಎಂಟು ದಿನ ಹಿಡೀತು. ಅಷ್ಟೂ ದಿನ ಮೈಗೆ ಮೈ ತಾಗಿಸ್ಕೊಂಡು ಮಲಗ್ಸೋದು, ಅರೆನಿದ್ದೇಲಿ ಇರುವಾಗ ಮೆಲ್ಲಗೆ ಹಾಕ್ಕೊಳೋದು.

ಸರಿ, ಇಷ್ಟೆಲ್ಲ ಯಾಕೆ?

ಒಂದು ಲೋಟ ಹಾಲಿಗೆ ಇಷ್ಟು ಕಷ್ಟಾನಾ ಅಂತ ನಾನೂ ಕೇಳ್ದೆ. ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು ಪುಡಿಹಾಲಿನ ಡಬ್ಬ ತಂದು ಮುಂದಿಟ್ಲು. 1992ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಪ್ರತಿ ಡಬ್ಬದ ಮೇಲೂ ತಾಯಿ ಹಾಲೇ ನಿಮ್ಮ ಮಗುಗೆ ಶ್ರೇಷ್ಠ ಅಂತ ಹಾಕಲೇಬೇಕು. ಕಂಪನಿಗಳು ಎದೆಹಾಲು ಬಿಡಿಸಿ ಡಬ್ಬ ಮಾರಬಾರದು ಅಂತ ತಂದ ಒಳ್ಳೆ ಕಾನೂನು ಅದು. "ದಿನಕ್ಕೆ ಆರು ಸಲ ಈ ಡಬ್ಬ ತೆಗೀತೀನಿ ಕಣೇ, ಆರು ಸಲಾನೂ ಇದನ್ನ ಓದ್ತೀನಿ" ಅಂದ್ಲು.

ಪೋಷಣೆ, ರೋಗನಿರೋಧಕ ಅಂಶ ಸ್ವಲ್ಪವಾದ್ರೂ ಸಿಗ್ಲಿ ಅನ್ನೋದು ಒಂದು ಕಾರಣ. ಆದ್ರೆ ಮುಖ್ಯ ಕಾರಣ ಬೇರೆ ಇರುತ್ತೆ. 1981ರಲ್ಲಿ ಅಮೆರಿಕದಲ್ಲಿ ಎದೆಹಾಲು ಕೊಡೋಕೆ ಯತ್ನಿಸಿದ 240 ದತ್ತು ತಾಯಂದಿರ ಬಗ್ಗೆ ಒಂದು ಅಧ್ಯಯನ ಬಂತು. ಎಷ್ಟು ಹಾಲು ಅನ್ನೋದಕ್ಕಿಂತ ಮಗು ಜೊತೆ ಆದ ನಂಟಿಗೇ ಅವ್ರು ಹೆಚ್ಚು ಬೆಲೆ ಕೊಟ್ಟಿದ್ರು. ಮಗು ಕಡೆಯಿಂದ ನೋಡಿದ್ರೂ ಇದು ಸರಿ ಅನ್ಸುತ್ತೆ. ನಾಲ್ಕು ತಿಂಗಳಲ್ಲಿ ಅದು ಎಷ್ಟು ಕೈ ಬದಲಾಯಿಸಿರುತ್ತೆ, ಆಸ್ಪತ್ರೆ, ಶಿಶುಮಂದಿರ, ಹಗಲಿನ ಆಯಾ, ರಾತ್ರಿ ಆಯಾ. ಬಾಟ್ಲಿ ಯಾರು ಬೇಕಾದ್ರೂ ಹಿಡೀಬಹುದು, ಎದೆ ಅಂದ್ರೆ ಒಂದೇ ವಾಸನೆ, ಒಂದೇ ಎದೆಬಡಿತ. ಬಾಟ್ಲಿಲಿ ಕೊಡೋರು ಈ ನಂಟು ಬೆಳೆಸ್ಕೊಳೋಕೆ ಆಗಲ್ವಾ ಅಂದ್ರೆ ಧಾರಾಳವಾಗಿ ಆಗುತ್ತೆ, ಎತ್ಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕುಡ್ಸಿದ್ರೆ ಸಾಕು, ದತ್ತು ತಗೊಂಡೋರಲ್ಲಿ ಬಹುಪಾಲು ಜನ ಹಂಗೇ ಸಾಕೋದು.

ಇನ್ನೊಂದು ಕಾರಣ ಹೇಳೋಕೆ ಹೆಂಗಸರಿಗೆ ಕಷ್ಟ. ವರ್ಷಗಟ್ಟಲೆ ಸ್ಕ್ಯಾನು, ಇಂಜೆಕ್ಷನ್ನು, ಐವಿಎಫ್ಫು ಅಂತ ಓಡಾಡಿ, ಪ್ರತಿ ತಿಂಗಳೂ ದೇಹ ಕೈಕೊಟ್ಟಿದ್ದನ್ನೇ ನೋಡಿರ್ತಾರೆ. ಅಂಥ ದೇಹ ಒಂದು ಹನಿ ಹಾಲು ಕೊಡ್ತು ಅಂದ್ರೆ ಅದು ಆಸ್ಪತ್ರೆ ಫೈಲಲ್ಲಿ ಬರೆಯೋ ಲೆಕ್ಕ ಅಲ್ಲ. ನಮ್ಮ ಕಡೆ ಹೆತ್ತೋಳಿಗೆ ಬಾಣಂತನ ಇರುತ್ತೆ, ಎಣ್ಣೆ ನೀರು, ಧೂಪ, ಬಾಣಂತಿ ಖಾರ, ಯಾರಾದ್ರೂ ಕೂತು ಕಾಲೊತ್ತೋರು. ದತ್ತು ತಗೊಂಡೋಳಿಗೆ ರಾತ್ರಿ ನಿದ್ದೆಗೆಡೋದು ಅಷ್ಟೇ ಇರುತ್ತೆ, ಮಿಕ್ಕಿದ್ದು ಯಾವ್ದೂ ಇಲ್ಲ.

ಮುಸ್ಲಿಂ ಮನೆಗಳಲ್ಲಿ ಕಾರಣ ಇನ್ನೂ ಸ್ಪಷ್ಟ. ಎರಡು ವರ್ಷದೊಳಗಿನ ಮಗು ಒಬ್ಬ ಹೆಂಗಸಿನ ಹಾಲು ಕುಡಿದ್ರೆ ಅವಳಿಗೆ ಹಾಲು ಸಂಬಂಧದ ಮಗು ಆಗುತ್ತೆ, ಎಷ್ಟು ಸಲ ಕುಡೀಬೇಕು ಅನ್ನೋದ್ರಲ್ಲಿ ಪಂಥಗಳ ನಡುವೆ ಬೇರೆ ಬೇರೆ ಮಾತಿದೆ. ಆ ಸಂಬಂಧ ಆದ್ರೆ ಮಗು ದೊಡ್ಡದಾದ್ಮೇಲೆ ಮನೆಯೊಳಗೆ ಪರದೆ ಬೇಕಾಗಲ್ಲ, ಅಮ್ಮ ಮಗನ್ನ ಮುಟ್ಟಿ ತಬ್ಬಬಹುದು. ಧರ್ಮ ಯಾವ್ದೇ ಇರಲಿ ಬಾಲನ್ಯಾಯ ಕಾಯ್ದೆ ಕೆಳಗೆ ದತ್ತು ತಗೋಬಹುದು ಅಂತ ಸುಪ್ರೀಂ ಕೋರ್ಟು ಶಬನಂ ಹಾಶ್ಮಿ ಪ್ರಕರಣದಲ್ಲಿ 2014ರಲ್ಲಿ ಹೇಳಿದೆ.

ನಮ್ಮಲ್ಲಿ ಟೈಮಿಂಗೇ ತೊಡಕು

ಕೆನಡಾದ ಕ್ರಮದಲ್ಲಿ ಆರು ತಿಂಗಳು ಮುಂಚೆ ಮಾತ್ರೆ ಶುರು ಮಾಡ್ಬೇಕು. ನಮ್ಮಲ್ಲಿ ಮಗು ಯಾವತ್ತು ಬರುತ್ತೆ ಅಂತ ಯಾರಿಗೆ ಗೊತ್ತು? ಕೇಂದ್ರ ದತ್ತು ಸಂಸ್ಥೆ ಕಾರಾದ ಪೋರ್ಟಲಲ್ಲಿ ಹೆಸ್ರು ಹಾಕಿ ವರ್ಷಗಟ್ಟಲೆ ಕಾಯ್ಬೇಕು, ಆಮೇಲೆ ಒಂದಿನ ಮೆಸೇಜ್ ಬರುತ್ತೆ, 48 ಗಂಟೆಯೊಳಗೆ ಈ ಮಗು ನಮಗಿರಲಿ ಅಂತ ಹೇಳ್ಬೇಕು. ಹೆತ್ತೋರು ಒಪ್ಪಿಸಿದ ಮಗು ಆದ್ರೆ ಅವರಿಗೆ ಮನಸ್ಸು ಬದಲಾಯಿಸೋಕೆ 60 ದಿನ ಟೈಮಿದೆ, ಅದಾದ್ಮೇಲೇ ಮಗು ದತ್ತಿಗೆ ಮುಕ್ತ. ಹಂಗಾಗಿ ಕಾನೂನು ದಾರೀಲಿ ಬರೋ ಮಗು ಸಾಮಾನ್ಯವಾಗಿ ಕೆಲವು ತಿಂಗಳದ್ದೇ ಆಗಿರುತ್ತೆ, ಬಾಟ್ಲಿ ಕಲಿತಿರುತ್ತೆ. ಹುಟ್ಟಿದ ಕೂಸೇ ಕೊಡ್ತೀವಿ ಅಂತ ಯಾರಾದ್ರೂ ಪಕ್ಕಕ್ಕೆ ಕರೆದು ಹೇಳಿದ್ರೆ ಅದು ಮಕ್ಕಳ ಮಾರಾಟ, ಹತ್ರ ಹೋಗ್ಬೇಡಿ.

2017ರಲ್ಲಿ ಹೆರಿಗೆ ರಜೆ ಕಾನೂನು ತಿದ್ದಿದಾಗ ಮೂರು ತಿಂಗಳೊಳಗಿನ ಮಗು ದತ್ತು ತಗೊಂಡೋರಿಗೆ 12 ವಾರ ರಜೆ ಅಂತ ಇಟ್ರು. ಮಗು ಮನೆಗೆ ಬರೋ ಹೊತ್ತಿಗೇ ಮೂರು ತಿಂಗಳು ದಾಟಿರುತ್ತಲ್ಲ ಸ್ವಾಮಿ ಅಂತ ಕೇಳ್ದೋರು ಬೇಕಾದಷ್ಟು ಜನ. ಅಕ್ಕ ಸಂಬಳ ಇಲ್ಲದ ರಜೆ ಹಾಕಿದ್ಲು.

ಯಶೋದೆ ಮಾತು

ಅವತ್ತು ಕೊನೆಗೆ ದೊಡ್ಡಮ್ಮ "ಯಶೋದೆ ಕೃಷ್ಣಂಗೆ ಕುಡಿಸ್ಲಿಲ್ವಾ, ಮುಚ್ಕೊಂಡು ಊಟ ಮಾಡಿ" ಅಂತ ಎಲ್ಲರ ಬಾಯಿ ಮುಚ್ಚಿಸಿದ್ರು. ದೊಡ್ಡಮ್ಮನ ಎದುರು ನಾನು ಹೇಳ್ಲಿಲ್ಲ, ಆದ್ರೆ ಭಾಗವತದ ಪ್ರಕಾರ ಯಶೋದೆನೂ ಅದೇ ರಾತ್ರಿ ಹೆಣ್ಣುಮಗು ಹೆತ್ತಿದ್ಲು, ವಸುದೇವ ಅದಲುಬದಲು ಮಾಡಿದ್ದು. ಅಂದ್ರೆ ಅವಳು ಹಸಿ ಬಾಣಂತಿ, ಹಾಲು ತಾನಾಗೇ ಇತ್ತು. ಅಕ್ಕ ಪಟ್ಟ ಪಾಡು ಯಶೋದೆಗಿರ್ಲಿಲ್ಲ.

ಮಗೂಗೆ ಈಗ ಹನ್ನೊಂದು ತಿಂಗಳು. ರಾಗಿ ಸರಿ ಕಂಡ್ರೆ ಎದೆ ತಳ್ಳಿ ಎದ್ದು ಬರುತ್ತೆ. ಪಂಪನ್ನ ತೊಳೆದು ಒಣಗಿಸಿ ಬಾಡಿಗೆಯೋರಿಗೆ ವಾಪಸ್ ಕೊಟ್ಟಾಯ್ತು. ಹೋದ ವಾರ ಚಿಕ್ಕಮ್ಮ ನಂಗೆ ಫೋನ್ ಮಾಡಿ, ಅವ್ರ ಬೀದೀಲಿ ಒಬ್ಬಳಿಗೆ ಮಗು ಬರ್ತದಂತೆ, "ಆ ಪೈಪು ಯಾವ ಅಂಗ್ಡೀಲಿ ಸಿಗ್ತದೆ ಕೇಳು" ಅಂದ್ರು. ಅದಕ್ಕೆ ಇನ್ಫೆಂಟ್ ಫೀಡಿಂಗ್ ಟ್ಯೂಬ್ ಅಂತಾರೆ, ಮೈಸೂರಿನ ಧನ್ವಂತ್ರಿ ರಸ್ತೆ ಮೆಡಿಕಲ್ ಶಾಪುಗಳಲ್ಲಿ ವಿಚಾರಿಸಿ, ಆದ್ರೆ ಅದಕ್ಕೂ ಮುಂಚೆ ಅವಳನ್ನ ಒಬ್ಬ ಮಕ್ಕಳ ಡಾಕ್ಟ್ರಿಗೆ ತೋರ್ಸಿ, ಹಾಲುಣಿಸೋದನ್ನ ಹೇಳ್ಕೊಡೋ ಕೌನ್ಸೆಲರ್ ಇದ್ರೆ ಅವ್ರನ್ನೂ ಕೇಳಿ ಅಂದೆ. "ಸರಿ ಬುಡು, ನಾನೇ ಕರ್ಕೊಂಡೋಯ್ತೀನಿ" ಅಂದು ಚಿಕ್ಕಮ್ಮ ಫೋನಿಟ್ರು.